ಆಂಟ್ವರ್ಪ್‌ಗೆ ಓಡಿದ ಚೌಗುಲೆ

ಗದಗ, ಬೆಟಗೇರಿ, ಮುಂಡರಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೂ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ, ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೂ ಸೇರಿದ್ದ ಕಾಲದಲ್ಲಿ, ಈ ಸೀಮೆಯ ಓಟಗಾರರಿಗೆ ದೊಡ್ಡ ಸ್ಪರ್ಧೆಗಳ ದಾರಿ ಪುಣೆಯ ಕಡೆಗೇ ಇತ್ತು. ಅಲ್ಲಿನ ಡೆಕ್ಕನ್ ಜಿಮ್ಖಾನಾ ಎಂಬ ಕ್ರೀಡಾಸಂಸ್ಥೆಯ ಅಧ್ಯಕ್ಷ ದೊರಾಬ್ಜಿ ಟಾಟಾ, ರೈತಾಪಿ ಯುವಕರು ಬರಿಗಾಲಲ್ಲಿ ಓಡುವ ವೇಗವನ್ನು ಕಂಡು ಬೆರಗಾಗಿ, ಅವರನ್ನು 1920ರ ಆಂಟ್ವರ್ಪ್ ಒಲಿಂಪಿಕ್ಸ್‌ಗೆ ಕಳಿಸಲು ನೆರವಾದರು. ಆಯ್ಕೆಯಾದವರಲ್ಲಿ ಬೆಳಗಾವಿ ಭಾಗದ ತರುಣ ಫಡೆಪ್ಪ ದರೆಪ್ಪ ಚೌಗುಲೆ ಒಬ್ಬರು. ಅವರು ಓಡಿದ ಮ್ಯಾರಥಾನ್, ಅಂದರೆ ರಸ್ತೆಯ ಮೇಲಿನ ದೂರದ ಓಟ, 42.75 ಕಿಲೋಮೀಟರಿನದಾಗಿದ್ದು, ಒಲಿಂಪಿಕ್ಸ್ ಚರಿತ್ರೆಯಲ್ಲೇ ಅತಿ ಉದ್ದನೆಯದು. ಪದಕವಿಲ್ಲವೆಂದು ಈ ಹೆಸರನ್ನು ಕನ್ನಡನಾಡು ಮರೆಯುವುದು ನ್ಯಾಯವಲ್ಲ: ಫಿನ್ಲೆಂಡಿನ ಹನ್ನೆಸ್ ಕೋಲೆಹ್ಮೈನೆನ್ 2 ಗಂಟೆ 32 ನಿಮಿಷಗಳಲ್ಲಿ ಗೆದ್ದ ಆ ಓಟವನ್ನು ಚೌಗುಲೆ 2 ಗಂಟೆ 50 ನಿಮಿಷಗಳಲ್ಲಿ ಮುಗಿಸಿ, 19ನೆಯ ಸ್ಥಾನ ಪಡೆದರು.