ಇಂಗ್ಲಿಷು ಕಲಿಸಿದವರು ಕಲಿತ ಪಾಠ

ನಮ್ಮ ದೇಶದಲ್ಲಿ ಇಂಗ್ಲಿಷು ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸರ್ಕಾರದ ಕಾಗದಪತ್ರಗಳಿಂದ ಆರಂಭಿಸುತ್ತಾರೆ. ೧೮೩೫ರಲ್ಲಿ ಮೆಕಾಲೆ ಬರೆದ ಟಿಪ್ಪಣಿ, ೧೮೫೪ರಲ್ಲಿ ಬಂದ ವುಡ್ ಸಾಹೇಬರ ಆಜ್ಞಾಪತ್ರ, ೧೮೫೭ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳು, ಇವು ಆ ಚರಿತ್ರೆಯ ಮೈಲಿಗಲ್ಲುಗಳು. ಇಂಗ್ಲಿಷನ್ನು ಕಲಿಸಬೇಕೆ, ಯಾರಿಗೆ ಕಲಿಸಬೇಕು, ಯಾವ ಉದ್ದೇಶಕ್ಕಾಗಿ ಕಲಿಸಬೇಕು ಎಂಬ ವಿಷಯಗಳನ್ನು ಕುರಿತು ದೊಡ್ಡವರು ದೊಡ್ಡ ವಾದಗಳನ್ನು ಮಾಡಿದರು. ಆದರೆ ಬೆಂಚಿನ ಮೇಲೆ ಕುಳಿತ ಹುಡುಗನು ಆ ಭಾಷೆಯನ್ನು ನಿಜವಾಗಿ ಹೇಗೆ ಕಲಿಯುತ್ತಾನೆ, ಎಷ್ಟು ಕಲಿಯುತ್ತಾನೆ, ಕಲಿತದ್ದು ಅವನಿಗೆ ಯಾವ ಉಪಯೋಗಕ್ಕೆ ಬರುತ್ತದೆ ಎಂಬ ಚಿಕ್ಕ ಪ್ರಶ್ನೆಗೆ ಬಹುಕಾಲ ಅಂಥ ಗಮನ ದೊರೆಯಲಿಲ್ಲ. ಆ ಪ್ರಶ್ನೆಯನ್ನು ಹಿಡಿದು ಹೊರಟ ಉಪಾಧ್ಯಾಯರೊಬ್ಬರ ವಿಚಾರವನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಅವರ ಹೆಸರು ಮೈಕೇಲ್ ವೆಸ್ಟ್. ೧೮೮೮ರಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಓದಿ, ೧೯೧೨ರಲ್ಲಿ ಇಂಡಿಯದ ವಿದ್ಯಾ ಇಲಾಖೆಯ ಸೇವೆಗೆ ಸೇರಿ ವಂಗದೇಶಕ್ಕೆ ಬಂದರು. ಮುಂದೆ ಢಾಕಾ ನಗರದ ಉಪಾಧ್ಯಾಯರ ಶಿಕ್ಷಣ ಕಾಲೇಜಿಗೆ ಪ್ರಿನ್ಸಿಪಾಲರಾದರು. ಆ ನಗರವೇ ಇಂದಿನ ಬಾಂಗ್ಲಾದೇಶದ ರಾಜಧಾನಿ. ಉಪಾಧ್ಯಾಯರಾಗತಕ್ಕವರಿಗೆ ಪಾಠಕ್ರಮವನ್ನು ಹೇಳಿಕೊಡುವುದು ಅವರ ಕೆಲಸ. ಆ ಕೆಲಸದಲ್ಲಿ ತೊಡಗಿದವನು ದಿನವೂ ತರಗತಿಗಳನ್ನು ನೋಡಲೇಬೇಕು. ನೋಡಿದವನಿಗೆ ಸಂಶಯ ಬಾರದೆ ಇರದು.

ಅಂದಿನ ಇಂಗ್ಲಿಷು ತರಗತಿ ಹೇಗಿತ್ತೆಂಬುದನ್ನು ನಮ್ಮ ಹಿರಿಯರಿಂದ ನಾವೂ ಕೇಳಿಬಲ್ಲೆವು. ಒಬ್ಬ ಹುಡುಗನು ಎದ್ದುನಿಂತು ಒಂದು ವಾಕ್ಯವನ್ನು ಓದುವನು. ಉಪಾಧ್ಯಾಯರು ಕಠಿಣ ಪದಗಳ ಅರ್ಥವನ್ನು ಹೇಳುವರು. ಮಿಕ್ಕವರು ಅದನ್ನು ಬರೆದುಕೊಂಡು ಬಾಯಿಪಾಠ ಮಾಡುವರು. ಒಂದು ಗಂಟೆಯ ಕಾಲದಲ್ಲಿ ಅರ್ಧ ಪುಟ ಸಾಗಿದರೆ ಹೆಚ್ಚು. ಮೆಟ್ರಿಕ್ಯುಲೇಷನ್ ಪರೀಕ್ಷೆಯು ದೂರದಲ್ಲಿ ನಿಂತು ಎಲ್ಲರನ್ನೂ ಹೆದರಿಸುತ್ತಿತ್ತು. ಇಷ್ಟು ವರ್ಷ ಹೀಗೆ ಓದಿದ ಹುಡುಗನ ಕೈಗೆ ತಾನು ಎಂದೂ ಕಂಡಿರದ ಒಂದು ಸುಲಭವಾದ ಇಂಗ್ಲಿಷು ಪುಸ್ತಕವನ್ನು ಕೊಟ್ಟರೆ ಅದನ್ನು ಅವನು ತಾನೇ ಓದಿ ತಿಳಿದುಕೊಳ್ಳಬಲ್ಲನೆ? ಇದನ್ನು ಊಹೆಯಿಂದ ಹೇಳದೆ ಪರೀಕ್ಷಿಸಿ ನೋಡಬೇಕೆಂದು ವೆಸ್ಟರಿಗೆ ತೋರಿತು.

ಇಲ್ಲಿ ಗಮನಿಸತಕ್ಕ ಅಂಶ ಒಂದುಂಟು. ಪರೀಕ್ಷೆಯಲ್ಲಿ ಹುಡುಗನು ತಪ್ಪಿದರೆ ತಪ್ಪು ಹುಡುಗನದು ಎಂಬುದು ವಾಡಿಕೆ. ವೆಸ್ಟರು ಆ ವಾಡಿಕೆಯನ್ನು ಬಿಟ್ಟು ಪರೀಕ್ಷೆಯ ದೀಪವನ್ನು ಪಾಠದ ಕಡೆಗೂ ಪುಸ್ತಕದ ಕಡೆಗೂ ತಿರುಗಿಸಿದರು. ಶಾಲೆಗಳಲ್ಲಿ ಓದಿನ ಪರೀಕ್ಷೆಗಳನ್ನು ನಡೆಸಿ, ಪಾಠಪುಸ್ತಕಗಳಲ್ಲಿನ ಮಾತುಗಳನ್ನು ಎಣಿಸಿ, ಶಾಲೆಗೆ ಸೇರಿದವರೆಷ್ಟು, ಕಡೆಯ ತರಗತಿಯನ್ನು ಮುಟ್ಟಿದವರೆಷ್ಟು ಎಂಬುದನ್ನು ವಿಚಾರಿಸಿದರು. ಈ ಶೋಧನೆಯ ಫಲವಾಗಿ ವಂಗದೇಶದ ದ್ವಿಭಾಷಾಸಮಸ್ಯೆಯನ್ನು ಕುರಿತ ಅವರ ದೊಡ್ಡ ವರದಿಯು ೧೯೨೬ರಲ್ಲಿ ಹೊರಬಂದಿತು.

ಆ ಶೋಧನೆಯ ತಿರುಳು ಒಂದೇ ಮಾತಿನಲ್ಲಿದೆ. ಆ ಮಾತನ್ನು ವೆಸ್ಟರು ಜೀವವಿಮೆಯ ವ್ಯವಹಾರದಿಂದ ತೆಗೆದುಕೊಂಡರು. ವಿಮಾಪತ್ರವನ್ನು ಕೊಂಡವನು ಕಡೆಯ ಕಂತಿನವರೆಗೂ ಹಣ ಕಟ್ಟಲಾರದೆ ನಡುವೆ ಬಿಟ್ಟನೆಂದು ಇಟ್ಟುಕೊಳ್ಳಿ. ಅವನು ಕಟ್ಟಿದ್ದೆಲ್ಲವೂ ಮುಳುಗಿಹೋಗದೆ, ಇಷ್ಟು ಎಂದು ಒಂದು ಮೊತ್ತವು ಅವನಿಗೆ ಹಿಂದಿರುಗುತ್ತದೆ. ಇದಕ್ಕೆ ಸರೆಂಡರ್ ಬೆಲೆ ಎಂದು ಹೆಸರು. ಹಾಗಾದರೆ ಇಂಗ್ಲಿಷು ವಿದ್ಯೆಯ ಸರೆಂಡರ್ ಬೆಲೆ ಎಷ್ಟು? ಬಡತನದಿಂದಲೋ ಮನೆಯ ಕೆಲಸದಿಂದಲೋ ಪರೀಕ್ಷೆಯಲ್ಲಿ ತಪ್ಪಿಯೋ ಹುಡುಗರು ವರ್ಷವರ್ಷವೂ ಶಾಲೆ ಬಿಡುತ್ತಿದ್ದರು. ಕಡೆಯವರೆಗೂ ಉಳಿಯುವವರು ಕೆಲವರೇ. ಆದರೆ ಪಾಠಕ್ರಮವೆಲ್ಲವೂ ಆ ಕೆಲವರಿಗಾಗಿ ರಚಿತವಾಗಿತ್ತು. ಎರಡು ಮೂರು ವರ್ಷ ಅಕ್ಷರ, ವ್ಯಾಕರಣ, ಅರ್ಥಗಳೆಂದು ತಲೆಯಲ್ಲಿ ತುಂಬಿಕೊಂಡು ನಡುವೆ ಹೊರಟುಹೋದ ಹುಡುಗನ ಕೈಯಲ್ಲಿ ಉಳಿಯುತ್ತಿದ್ದುದು ಏನೂ ಇಲ್ಲ. ಅವನು ಮಾತನಾಡಲಾರ, ಓದಲಾರ, ಬರೆಯಲಾರ. ಅಡಿಪಾಯ ಹಾಕಿ ಗೋಡೆ ಎಬ್ಬಿಸದೆ ಬಿಟ್ಟ ಮನೆಯಲ್ಲಿ ಯಾರು ವಾಸಮಾಡಬಲ್ಲರು?

ಆದುದರಿಂದ ಯಾವ ತರಗತಿಯಲ್ಲಿ ಬಿಟ್ಟರೂ ಅಲ್ಲಿಯವರೆಗೆ ಕಲಿತದ್ದು ತಕ್ಕಮಟ್ಟಿಗೆ ಉಪಯೋಗಕ್ಕೆ ಬರುವಂತೆ ಪಾಠವನ್ನು ಕಟ್ಟಬೇಕೆಂಬುದು ವೆಸ್ಟರ ನಿರ್ಣಯವಾಯಿತು. ಹಾಗೆ ಬೇಗ ಫಲಕೊಡತಕ್ಕದ್ದು ಯಾವುದು? ಅವರ ಉತ್ತರ, ಓದು. ಹಳ್ಳಿಗೆ ಹಿಂದಿರುಗಿದ ಹುಡುಗನು ಇಂಗ್ಲಿಷಿನಲ್ಲಿ ಯಾರೊಡನೆ ಮಾತನಾಡಬೇಕು? ಮನೆಯ ಮಾತಿಗೂ ಮನಸ್ಸಿನ ಮಾತಿಗೂ ಅವನಿಗೆ ತಾಯ್ನುಡಿಯಿದೆ. ಆ ಸ್ಥಾನವನ್ನು ಪರಭಾಷೆಯು ಕಸಿದುಕೊಳ್ಳಬೇಕೆಂದು ವೆಸ್ಟರು ವಾದಿಸಲಿಲ್ಲ. ತನ್ನ ಭಾಷೆಯಲ್ಲಿ ಇನ್ನೂ ದೊರೆಯದ ತಿಳಿವಳಿಕೆಯನ್ನು ಪುಸ್ತಕದಿಂದ ಪಡೆಯುವುದಕ್ಕೆ ಅವನಿಗೆ ಇಂಗ್ಲಿಷು ಬೇಕು. ಅಷ್ಟಕ್ಕೆ ಓದಬಲ್ಲವನಾದರೆ ಸಾಕು ಎಂಬುದು ಅವರ ಮತ.

ಆದರೆ ಓದುವುದಕ್ಕೆ ಪುಸ್ತಕವೆಲ್ಲಿ? ಆಗ ಬಳಕೆಯಲ್ಲಿದ್ದ ಪಾಠಮಾಲೆಗಳನ್ನು ಅವರು ಶೋಧಿಸಿದಾಗ ಎರಡು ದೋಷಗಳು ಕಂಡುಬಂದವು. ಮೊದಲನೆಯದು, ಬಳಕೆಯಲ್ಲಿಲ್ಲದ ಮಾತುಗಳು. ದ್ವೀಪಕ್ಕೆ ‘ಐಲೆಂಡ್’ ಎಂಬ ಸಾಧಾರಣ ಮಾತಿರುವಾಗ ‘ಐಲ್’ ಎಂಬ ಕಾವ್ಯದ ಮಾತು; ‘ಮೊದಲು’ ಎಂಬುದಕ್ಕೆ ‘ಬಿಫೋರ್’ ಇರುವಾಗ ‘ಏರ್’ ಎಂಬ ಹಳೆಯ ಮಾತು. ಕನ್ನಡ ಕಲಿಯಲು ಬಂದ ಪರದೇಶಿಗೆ ಹುಲಿಯನ್ನು ಬಿಟ್ಟು ‘ಪುಲಿ’ಯನ್ನು, ಹಾಲನ್ನು ಬಿಟ್ಟು ‘ಪಾಲ’ನ್ನು ಮೊದಲು ಕಲಿಸಿದಂತೆ ಇದು. ಎರಡನೆಯದು, ಹೊಸ ಮಾತುಗಳ ದಟ್ಟಣೆ. ಒಂದರ ಮೇಲೊಂದು ಹೊಸ ಮಾತು ಬಂದು, ಬಂದದ್ದು ಮತ್ತೆ ಕಾಣಿಸಿಕೊಳ್ಳದೆ ಹೋದರೆ ಯಾವ ನೆನಪು ತಾನೆ ಅದನ್ನು ಹಿಡಿದೀತು?

ವೆಸ್ಟರು ತಾವೇ ಹೊಸ ಪಾಠಮಾಲೆಯನ್ನು ರಚಿಸಿದರು. ೧೯೨೧ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕರು ಹೆಚ್ಚಾಗಿ ಬಳಕೆಯಲ್ಲಿರುವ ೧೦,೦೦೦ ಇಂಗ್ಲಿಷು ಪದಗಳ ಪಟ್ಟಿಯನ್ನು ಪ್ರಕಟಿಸಿದ್ದರು. ಅದು ಅವರಿಗೆ ನೆರವಾಯಿತು. ಬಳಕೆಯ ಮಾತುಗಳನ್ನು ಮೊದಲು, ಅಪರೂಪದವನ್ನು ಆಮೇಲೆ, ಒಂದೊಂದು ಹೊಸ ಮಾತಿನ ನಡುವೆ ಸಾಕಷ್ಟು ತಿಳಿದ ಮಾತುಗಳನ್ನಿಟ್ಟು, ಬಂದದ್ದು ಮತ್ತೆಮತ್ತೆ ಬರುವಂತೆ ಕಥೆಗಳನ್ನು ಬರೆದರು. ಕೆಲವೇ ಪದಗಳನ್ನು ಬಲ್ಲ ಹುಡುಗನೂ ಒಂದು ಪುಸ್ತಕವನ್ನು ತಾನೇ ಓದಿ ಮುಗಿಸಿದೆನೆಂದು ಹೇಳುವ ಸಂತೋಷ ಆಗ ಸಾಧ್ಯವಾಯಿತು.

ಇದೇ ಕಾಲದಲ್ಲಿ ಇನ್ನೊಬ್ಬ ಉಪಾಧ್ಯಾಯರು ಬೇರೆ ದಾರಿಯಿಂದ ಇದೇ ಶೋಧನೆಗೆ ಬಂದಿದ್ದರು. ಹೆರಾಲ್ಡ್ ಪಾಮರ್ ಎಂಬವರು ಬೆಲ್ಜಿಯಂ ದೇಶದ ವೆರ್ವಿಯೇ ಎಂಬ ಊರಿನಲ್ಲಿ ಇಂಗ್ಲಿಷು ಕಲಿಸುತ್ತಿದ್ದು, ೧೯೧೪ರ ಯುದ್ಧದಿಂದ ಅಲ್ಲಿಂದ ಹೊರಟು ಲಂಡನ್ನಿಗೆ ಬಂದು, ೧೯೨೨ರಲ್ಲಿ ಜಪಾನಿಗೆ ಹೋದರು. ಮರುವರ್ಷ ಟೋಕಿಯೋದಲ್ಲಿ ಇಂಗ್ಲಿಷು ಬೋಧನೆಯ ಸಂಶೋಧನೆಗೆಂದೇ ಒಂದು ಸಂಸ್ಥೆ ಅವರ ನೇತೃತ್ವದಲ್ಲಿ ಹುಟ್ಟಿತು. ಪಾಮರರ ಪಕ್ಷದಲ್ಲಿ ಕಿವಿ ಮೊದಲು, ಬಾಯಿ ಆಮೇಲೆ, ಪುಸ್ತಕ ಕಡೆಗೆ. ವೆಸ್ಟರದು ಓದು ಮೊದಲು ಎಂಬ ಪಕ್ಷ. ೧೯೩೪ರಲ್ಲಿ ನ್ಯೂಯಾರ್ಕಿನಲ್ಲಿ ಕಾರ್ನೆಗಿ ಸಂಸ್ಥೆಯವರು ಕರೆದ ಸಭೆಯಲ್ಲಿ ಇಬ್ಬರೂ ಸೇರಿದರು. ದಾರಿ ಬೇರೆಯಾದರೂ ಕಲಿಯುವವನ ಹೊರೆಯನ್ನು ಅಳತೆಮಾಡಿ ಹೊರಿಸಬೇಕೆಂಬುದರಲ್ಲಿ ಅವರಿಗೆ ಭೇದವಿರಲಿಲ್ಲ. ಆ ಸಭೆಯ ವರದಿ ೧೯೩೬ರಲ್ಲಿ ಬಂದಿತು. ಅದನ್ನು ಬೆಳೆಸಿ ವೆಸ್ಟರು ೧೯೫೩ರಲ್ಲಿ ಸುಮಾರು ೨,೦೦೦ ಪದಗಳ ಪಟ್ಟಿಯನ್ನು ಪ್ರಕಟಿಸಿದರು. ಪದದ ಯಾವ ಅರ್ಥ ಎಷ್ಟು ಬಳಕೆಯಲ್ಲಿದೆ ಎಂಬುದನ್ನೂ ಅದರಲ್ಲಿ ಕಾಣಿಸಿದರು. ಅದಕ್ಕೂ ಮೊದಲೇ, ೧೯೩೫ರಲ್ಲಿ, ಅವರೂ ಎಂಡಿಕಾಟರೂ ಸೇರಿ ಒಂದು ಕೋಶವನ್ನು ತಂದಿದ್ದರು. ಅದರಲ್ಲಿನ ಅರ್ಥವಿವರಣೆಗೆಲ್ಲ ಬಳಸಿದ್ದು ೧,೪೯೦ ಪದಗಳು ಮಾತ್ರ. ಗೊತ್ತಿಲ್ಲದ ಮಾತನ್ನು ಗೊತ್ತಿಲ್ಲದ ಮಾತುಗಳಿಂದ ವಿವರಿಸಬಾರದೆಂಬ ಈ ನ್ಯಾಯವನ್ನು ವಿದ್ಯಾರ್ಥಿಗಳ ಕೋಶಗಳು ಮುಂದೆ ಅನುಸರಿಸಿದುವು.

ವೆಸ್ಟರ ಕೆಲಸದಲ್ಲಿ ಕೊರತೆಯಿಲ್ಲವೆಂದಲ್ಲ. ಅವರು ಆಳುವವರ ಪಂಕ್ತಿಯಿಂದ ಬಂದವರು. ಹಳ್ಳಿಯ ಹುಡುಗನಿಗೆ ಓದು ಸಾಕು, ಮಾತು ಬೇಡವೆಂದು ಹುಡುಗನನ್ನೇ ಕೇಳದೆ ನಿರ್ಣಯಿಸುವುದು ಎಷ್ಟು ಸರಿ? ಕಚೇರಿಯ ಬಾಗಿಲಲ್ಲಿ ನಿಂತು ಕೆಲಸ ಬೇಡುವವನಿಗೆ ಬಾಯಿಯೂ ಬೇಕಾಗುತ್ತದೆ. ಅಲ್ಲದೆ, ಎಣಿಕೆಗೆ ಸಿಕ್ಕಿದ ಮಾತೆಲ್ಲ ಕಲಿಕೆಗೆ ಸುಲಭವೆಂದೂ ಹೇಳಲಾಗುವುದಿಲ್ಲ.

ಈ ಎಣಿಕೆಯ ಮಾರ್ಗವನ್ನೇ ಪ್ರಶ್ನಿಸುವ ಪ್ರಯೋಗವೊಂದು ಮುಂದೆ ದಕ್ಷಿಣ ಇಂಡಿಯದಲ್ಲಿ ನಡೆದು, ನಮ್ಮ ಬೆಂಗಳೂರಿನ ಹೆಸರನ್ನು ಪಡೆಯಿತು. ೧೯೭೯ರಿಂದ ೧೯೮೪ರವರೆಗೆ ಎನ್. ಎಸ್. ಪ್ರಭು ಅವರು, ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷು ಸಂಸ್ಥೆಯ ಸಹಕಾರದೊಡನೆ, ಕೆಲವು ಸಾಧಾರಣ ಶಾಲೆಗಳಲ್ಲಿ ಪದಪಟ್ಟಿಯನ್ನೂ ವ್ಯಾಕರಣದ ಕ್ರಮವನ್ನೂ ಬದಿಗಿಟ್ಟು ಪಾಠಮಾಡಿಸಿದರು. ರೈಲ್ವೆ ವೇಳಾಪಟ್ಟಿಯನ್ನೋ ನಕ್ಷೆಯನ್ನೋ ಮುಂದಿಟ್ಟು ಒಂದು ಸಮಸ್ಯೆಯನ್ನು ಬಿಡಿಸಲು ಹೇಳುವುದು. ಮಕ್ಕಳ ಗಮನ ಅರ್ಥದ ಮೇಲೆ ನಿಂತಾಗ ಭಾಷೆಯ ಕಟ್ಟು ಅವರ ಅರಿವಿಗೆ ಬಾರದಂತೆಯೇ ಮನಸ್ಸಿನಲ್ಲಿ ಬೆಳೆಯುತ್ತದೆಂಬುದು ಅವರ ನಂಬಿಕೆ. ಹೊರಗಿನ ಪರಿಶೀಲಕರು ಅನುಕೂಲವಾದ ಅಂಶಗಳನ್ನು ಕಂಡರೂ ಎಚ್ಚರಿಕೆಯಿಂದಲೇ ಮಾತನಾಡಿದರು. ಎಲ್ಲಕ್ಕಿಂತ ಮಿಗಿಲಾದ ಬೋಧನಾಕ್ರಮವೆಂಬುದು ಯಾವುದೂ ಇಲ್ಲವೆಂದು ೧೯೯೦ರಲ್ಲಿ ವಾದಿಸಿದವರೂ ಪ್ರಭು ಅವರೇ.

ವೆಸ್ಟರು ೧೯೭೩ರಲ್ಲಿ ತೀರಿಕೊಂಡರು. ಅವರ ಪಟ್ಟಿಗಳು ತಿದ್ದುಪಡಿಯಾಗಿವೆ, ಪಾಠಮಾಲೆ ಹಳೆಯದಾಗಿದೆ. ಹಳೆಯದಾಗದೆ ಉಳಿದಿರುವುದು ಆ ವಿಮೆಯ ಲೆಕ್ಕ. ಯಾವ ವಿದ್ಯೆಯನ್ನೇ ಆಗಲಿ, ಮೊದಲ ಬೆಂಚಿನಲ್ಲಿ ಕುಳಿತು ಕಡೆಯ ಪರೀಕ್ಷೆಯನ್ನು ಗೆದ್ದವನಿಂದ ಅಳೆಯುವುದು ಸುಲಭ. ನಡುವೆ ಎದ್ದುಹೋದ ಹುಡುಗನು ತನ್ನೊಡನೆ ಏನನ್ನು ಕೊಂಡುಹೋದನೆಂದು ಕೇಳುವುದು ಕಷ್ಟ. ಆ ಪ್ರಶ್ನೆಯನ್ನು ಕೇಳಿಕೊಂಡ ದಿನವೇ ಢಾಕಾದ ಉಪಾಧ್ಯಾಯರು ಸಂಶೋಧಕರಾದರು.