ಮಸಿಯೊಳಗಿದ್ದ ಚೆಂಡು

ಕನ್ನಡದಲ್ಲಿ ವಿಜ್ಞಾನ ಬರೆದರೆ ಏನುಪಯೋಗ ಅಂತ ವಾದಕ್ಕೆ ಬಿದ್ದಾಗಲೆಲ್ಲ ನನ್ನ ಗೆಳೆಯನೊಬ್ಬ ಒಸಾವಾ ಕತೆ ತೆಗೀತಾನೆ.

ಈಜಿ ಒಸಾವಾ ಜಪಾನಿನ ರಸಾಯನಶಾಸ್ತ್ರಜ್ಞ. ಕೊರಾನ್ಯುಲೀನ್ ಅನ್ನೋ ಅಣುವಿನ ಆಕಾರ ಫುಟ್‌ಬಾಲಿನ ಒಂದು ತುಣುಕಿನಂತಿದೆ ಎಂದು ಅವರಿಗೆ ಹೊಳೆಯಿತು. ಹಾಗಾದರೆ 60 ಇಂಗಾಲದ ಪರಮಾಣು ಸೇರಿ ಪೂರ್ತಿ ಚೆಂಡೇ ಯಾಕಾಗಬಾರದು? 1970ರಲ್ಲಿ ಇದನ್ನು ಜಪಾನಿ ಪತ್ರಿಕೆಯೊಂದರಲ್ಲಿ ಜಪಾನಿ ಭಾಷೆಯಲ್ಲೇ ಬರೆದರು. ಹೊರಗಿನವರ ಕಣ್ಣಿಗೆ ಅದು ಬೀಳಲೇ ಇಲ್ಲ.

ಹದಿನೈದು ವರ್ಷ ಕಳೀತು. 1985ರ ಸೆಪ್ಟೆಂಬರಿನಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ಕ್ರೋಟೋ, ಸ್ಮಾಲಿ, ಕರ್ಲ್ ಮತ್ತವರ ವಿದ್ಯಾರ್ಥಿಗಳು ಗ್ರಾಫೈಟಿಗೆ ಲೇಸರ್ ಬಿಟ್ಟಾಗ 60 ಪರಮಾಣುಗಳ ಗುಂಪು ಮತ್ತೆ ಮತ್ತೆ ಎದ್ದು ಕಂಡಿತು. ಸ್ಮಾಲಿ ರಾತ್ರಿ ಕೂತು ಕಾಗದದ ಷಟ್ಕೋನಗಳನ್ನು ಕತ್ತರಿಸಿ ಅಂಟಿಸಿದರು, ಮುಚ್ಚಿಕೊಳ್ಳಲಿಲ್ಲ. ನಡುನಡುವೆ ಪಂಚಕೋನ ಸೇರಿಸಿದಾಗ ಚೆಂಡು ಕೂಡಿಬಂತು: 20 ಷಟ್ಕೋನ, 12 ಪಂಚಕೋನ. ಗುಮ್ಮಟಗಳ ವಾಸ್ತುಶಿಲ್ಪಿ ಬಕ್‌ಮಿನ್‌ಸ್ಟರ್ ಫುಲ್ಲರ್ ಹೆಸರಿನಿಂದ ಫುಲ್ಲರೀನ್ ಬಂತು. 1996ರಲ್ಲಿ ಮೂವರಿಗೂ ನೊಬೆಲ್.

"ನೋಡಿದ್ಯಾ, ಇಂಗ್ಲಿಷಲ್ಲಿ ಬರೆದಿದ್ರೆ?" ಅಂತಾನೆ ಗೆಳೆಯ.

ಆದರೆ ಅವನು ಹೇಳದೆ ಬಿಡುವ ಇನ್ನೊಂದು ಭಾಗ ಇದೆ. ಜರ್ಮನಿಯ ಕ್ರೆಚ್ಮರ್, ಅಮೆರಿಕದ ಹಫ್ಮನ್ ನಕ್ಷತ್ರಗಳ ನಡುವಿನ ಧೂಳನ್ನು ಅರಿಯಲು ಹೀಲಿಯಂ ಅನಿಲದಲ್ಲಿ ಗ್ರಾಫೈಟ್ ಕಡ್ಡಿಗಳನ್ನು ಕಾಯಿಸಿ ಆವಿ ಮಾಡಿ ಮಸಿ ಕೂಡಿಸುತ್ತಿದ್ದರು. 1983ರಲ್ಲೇ ಆ ಮಸಿಯ ರೋಹಿತದಲ್ಲಿ ವಿಚಿತ್ರ ಉಬ್ಬುಗಳಿದ್ದವು. ಒಂಟೆ ಅಂತ ತಮಾಷೆಯ ಹೆಸರಿಟ್ಟು, ಏನೋ ಕೊಳೆ ಸೇರಿರಬೇಕು ಎಂದು ಬದಿಗಿಟ್ಟರು. ಫುಲ್ಲರೀನ್ ಅವರ ಕೈಗೇ ಮೆತ್ತಿಕೊಂಡಿತ್ತು! 1985ರ ಲೇಖನ ಓದಿದ ಮೇಲೆ ಅನುಮಾನ ಬಂತು. 1990ರಲ್ಲಿ ಮಸಿಯನ್ನು ಬೆಂಜೀನಿನಲ್ಲಿ ಕರಗಿಸಿದರು, ಕೆಂಪು ದ್ರಾವಣ ಬಂತು, ಅದು ಆರಿದಾಗ ಹರಳು ಉಳಿಯಿತು.

ನಿಜವಾದ ಆಟ ಶುರುವಾದದ್ದು ಈ ಹರಳಿನಿಂದ. ಅದರೊಳಗೆ ಚೆಂಡುಗಳು ಅಂಗಡಿಯ ಕಿತ್ತಳೆ ರಾಶಿಯಂತೆ ಜೋಡಣೆಯಾಗಿವೆ, ಒಂದಕ್ಕೊಂದು ಅಂಟಿಕೊಂಡಿಲ್ಲ. 1992ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಕೋಣೆಯ ಬಿಸಿಯಲ್ಲೇ ವಾಯುಭಾರದ ಸುಮಾರು 2 ಲಕ್ಷ ಪಟ್ಟು ಒತ್ತಡ ಹಾಕಿ ಅದನ್ನು ವಜ್ರವಾಗಿಸಿದರು. ಮರುವರ್ಷ ಬರೀ ಬೆಳಕು ಬಿಟ್ಟೇ ಪಕ್ಕಪಕ್ಕದ ಚೆಂಡುಗಳಿಗೆ ಬೆಸುಗೆ ಹಾಕಿದ್ದು ವರದಿಯಾಯಿತು. ಬೆಳ್ಳಿ ಹರಳಿನ ಮೇಲೆ ಕೂರಿಸಿದರೆ ಚೆಂಡು ತನ್ನಡಿಯ ಬೆಳ್ಳಿ ಪರಮಾಣುವನ್ನೇ ಎಬ್ಬಿಸಿ, ಆ ಗುಳಿಯಲ್ಲಿ ತಾನು ಕೂರುತ್ತದೆ. ಇಂಗಾಲ ಅದೇ, ಜೋಡಣೆ ಬದಲಾದರೆ ವಸ್ತುವೇ ಬೇರೆ.

ಈಗ ಗೆಳೆಯನಿಗೆ ನನ್ನ ಉತ್ತರ ಇಷ್ಟೆ. ಕ್ರೆಚ್ಮರ್, ಹಫ್ಮನ್‌ಗೆ ಭಾಷೆ ಅಡ್ಡ ಬಂದಿರಲಿಲ್ಲ, ಆದರೂ ಏಳು ವರ್ಷ ಹಿಡಿಯಿತು. ಒಸಾವಾ ತಮ್ಮ ಭಾಷೆಯಲ್ಲಿ ಬರೆದದ್ದು ತಪ್ಪಲ್ಲ. ಅದನ್ನು ಆಚೆ ದಾಟಿಸುವವರು ಸಿಗಲಿಲ್ಲ, ಅಷ್ಟೇ. ಇವತ್ತು ಫುಲ್ಲರೀನಿನ ಚರಿತ್ರೆ ಹೇಳಲು ಕೂತರೆ ಆ ಜಪಾನಿ ಲೇಖನವನ್ನು ಬಿಟ್ಟು ಮುಂದೆ ಹೋಗಲಾಗದು.

ನಾನಂತೂ ಬರೀತಾನೇ ಇರ್ತೀನಿ.