ರಮ್ಮಿನ ಸಿಡ್ನಿ, ಬಿಯರಿನ ಮೆಲ್ಬರ್ನ್

ನಮ್ಮ ನಾಡಿನ ಸೇಂದಿ ಹುದುಗಿದ ರಸ. ಸಾರಾಯಿ ಭಟ್ಟಿಯಿಳಿಸಿದ ಮದ್ಯ. ಇದೇ ಭೇದವನ್ನು ಆಸ್ಟ್ರೇಲಿಯದ ಎರಡು ಮಹಾನಗರಗಳ ಚರಿತ್ರೆಯಲ್ಲಿಯೂ ಕಾಣಬಹುದು.

ಕಬ್ಬಿನ ಕಾಕಂಬಿಯನ್ನು ಹುದುಗಿಸಿ ಭಟ್ಟಿಯಿಳಿಸಿದ ರಮ್ ದೀರ್ಘ ಕಡಲಯಾನದಲ್ಲೂ ಕೆಡದು. ಆದ್ದರಿಂದಲೇ ಅದು ಬಂಗಾಳದಿಂದಲೂ ಸಿಡ್ನಿಗೆ ಬರುತ್ತಿತ್ತು. ಕಲ್ಕತ್ತೆಯಿಂದ ಹೊರಟು 1797ರಲ್ಲಿ ಟಾಸ್ಮೇನಿಯದ ಬಳಿ ಒಡೆದ ‘ಸಿಡ್ನಿ ಕೋವ್’ ಹಡಗಿನಲ್ಲಿಯೂ ರಮ್ ಇತ್ತು. ನಾಣ್ಯ ವಿರಳವಾಗಿದ್ದ ಆ ವಸಾಹತಿನಲ್ಲಿ ರಮ್ಮೇ ಕೂಲಿಯಾಯಿತು. ಈ ವಿನಿಮಯವನ್ನು ನಿಷೇಧಿಸಿದ ಗವರ್ನರ್ ಬ್ಲೈ ಅವರನ್ನು 1808ರ ಜನವರಿ 26ರಂದು ಸೈನಿಕರೇ ಬಂಧಿಸಿದರು; ಅಧಿಕಾರ, ಭೂಮಿಗಳ ಕಲಹವೂ ಅದರಲ್ಲಿ ಬೆರೆತಿತ್ತು.

ಮೊಳಕೆ ಬರಿಸಿದ ಬಾರ್ಲಿ ಮತ್ತು ಹಾಪ್ಸ್ ಹೂವಿನಿಂದಾಗುವ ಬಿಯರ್ ಸೌಮ್ಯ. ಆದರೆ ಬಿಸಿಲಿಗೆ ಬೇಗ ಕೆಡುವಂಥದು. ಅದರಲ್ಲೂ ಲಾಗರ್ ತಂಪಿನಲ್ಲಿಯೇ ಹುದುಗಬೇಕು. ಮೆಲ್ಬರ್ನಿನಲ್ಲಿ ಫಾಸ್ಟರ್ ಸೋದರರು 1888ರಲ್ಲಿ ಶೀತಕ ಯಂತ್ರಗಳ ನೆರವಿನಿಂದ ಅದನ್ನು ತಯಾರಿಸತೊಡಗಿದರು. ಒಂದು ನಗರದ ಮದ್ಯವನ್ನು ಕಡಲು ತಂದಿತು. ಇನ್ನೊಂದರದನ್ನು ಯಂತ್ರ ಸಾಧ್ಯವಾಗಿಸಿತು.

ಸಿಡ್ನಿಯ ಮೆಕ್ವಾರಿ ಬೀದಿಯಲ್ಲಿ 1811ರಿಂದ 1816ರವರೆಗೆ ಕಟ್ಟಿದ ಆಸ್ಪತ್ರೆಗೆ ಗುತ್ತಿಗೆದಾರರು ಪಡೆದ ಪ್ರತಿಫಲ ಮದ್ಯ ಆಮದಿನ ಹಕ್ಕು. ಅದರ ಒಂದು ಭಾಗ ಇಂದು ನ್ಯೂ ಸೌತ್ ವೇಲ್ಸ್ ಸಂಸತ್ ಭವನ. ರಮ್ಮಿನ ಲಾಭದಿಂದ ಎದ್ದ ಗೋಡೆಗಳ ನಡುವೆ ಈಗ ಮದ್ಯವನ್ನು ನಿಯಂತ್ರಿಸುವ ಕಾನೂನುಗಳು ರೂಪುಗೊಳ್ಳುತ್ತವೆ. ಪ್ರತಿನಿಧಿ ಬಂಧುಗಳು ಅದನ್ನೊಮ್ಮೆ ಅವಶ್ಯ ನೋಡಬೇಕು.